ಹೋಂಸ್ಟೇಗೆ ಹೊಸ ವಾಷಿಂಗ್ ಮೆಷಿನ್: ಒಣಗಿಸುವ ಲೆಕ್ಕ ಮೊದಲು ಹಾಕಿ

ಪ್ರಶ್ನೆ: ಶೃಂಗೇರಿ ಹತ್ತಿರ ನಮ್ಮದು ಐದು ರೂಮಿನ ಸಣ್ಣ ಹೋಂಸ್ಟೇ. 7 ಕಿಲೋದ ಸೆಮಿ ಆಟೋಮ್ಯಾಟಿಕ್ ಮೆಷಿನ್ ಇದೆ, 11 ವರ್ಷ ಹಳೆಯದು. ಹಿಂಡುವ ಕಡೆ ಈಗ ತಿರುಗುವುದೇ ಇಲ್ಲ. ಒದ್ದೆ ಕೈಯಲ್ಲಿ ಮುಟ್ಟಿದರೆ ಸಣ್ಣಗೆ ಶಾಕ್ ಹೊಡೆಯುತ್ತದೆ. ಅಂಗಡಿಯವರು 'ವಾಷರ್ ಡ್ರೈಯರ್ ತಗೊಳ್ಳಿ, ಒಗೆದು ಒಣಗಿಸಿಯೇ ಕೊಡುತ್ತದೆ' ಅನ್ನುತ್ತಾರೆ. ನಾದಿನಿ ಫ್ರಂಟ್ ಲೋಡ್ ಸಾಕು ಅನ್ನುತ್ತಾಳೆ. ನಮ್ಮ ಯಜಮಾನರಿಗೆ 12 ಕಿಲೋದ ದೊಡ್ಡ ಟಾಪ್ ಲೋಡ್ ಮೇಲೆ ಮನಸ್ಸು. 60 ಸಾವಿರದವರೆಗೆ ಹಾಕಬಹುದು. ಭಾನುವಾರ ಐದೂ ರೂಮು ಒಟ್ಟಿಗೆ ಖಾಲಿಯಾಗುತ್ತವೆ. ಮಳೆಗಾಲದಲ್ಲಿ ಬೆಡ್‌ಶೀಟ್ ಒಣಗುವುದೇ ಇಲ್ಲ. ಏನು ಮಾಡಲಿ?

ಉತ್ತರ: ಮೊದಲು ಶಾಕ್ ವಿಷಯ ಮುಗಿಸೋಣ. ಇವತ್ತೇ ಆ ಮೆಷಿನ್ ಪ್ಲಗ್ ತೆಗೆದುಬಿಡಿ. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡುವವರೆಗೆ ಯಾರೂ ಮುಟ್ಟಬೇಡಿ. ಹೊಸ ಮೆಷಿನ್ ತಂದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಹೊಚ್ಚ ಹೊಸ ಫ್ರಂಟ್ ಲೋಡ್ ಕೂಡ ಜುಮ್ ಅನ್ನಿಸುತ್ತದೆ. ಒದ್ದೆ ನೆಲ, ಬರಿಗಾಲು, ಕೆಲಸ ಮಾಡುವ ಹುಡುಗಿ ಅಂದರೆ ಇದು ಜೀವದ ಪ್ರಶ್ನೆ. ಹಾಗಾಗಿ 60 ಸಾವಿರದಲ್ಲಿ ಮೊದಲ ಪಾಲು ಅರ್ಥಿಂಗ್‌ಗೆ, 30 ಮಿಲಿಆಂಪಿಯರ್‌ನ ಒಂದು ಆರ್‌ಸಿಸಿಬಿಗೆ ಮತ್ತು 16 ಆಂಪಿಯರ್‌ನ ಒಳ್ಳೆಯ ಸಾಕೆಟ್‌ಗೆ ಹೋಗಲಿ. ಕರೆಂಟು ಸೋರಿದ ಕ್ಷಣವೇ ಆರ್‌ಸಿಸಿಬಿ ಲೈನ್ ಕಡಿದುಹಾಕುತ್ತದೆ.

ಈಗ ಮೆಷಿನ್. ಎಷ್ಟು ಕಿಲೋ ಬೇಕು ಅನ್ನುವುದನ್ನು ಅಂಗಡಿಯಲ್ಲಿ ನಿಂತು ತೀರ್ಮಾನಿಸಬೇಡಿ, ಮನೆಯಲ್ಲೇ ತೂಕ ಹಾಕಿ ನೋಡಿ. ಡಬಲ್ ಕಾಟ್‌ನ ಕಾಟನ್ ಬೆಡ್‌ಶೀಟ್ ಮುಕ್ಕಾಲು ಕಿಲೋ ಮೇಲೆಯೇ ಬರುತ್ತದೆ. ಹೊದಿಕೆಯ ಕವರ್ ಸುಮಾರು ಒಂದು ಕಿಲೋ. ಎರಡು ದಪ್ಪ ಟವೆಲ್ ಸೇರಿ ಇನ್ನೊಂದು ಕಿಲೋ. ದಿಂಬಿನ ಕವರ್ ಸೇರಿಸಿದರೆ ಇಬ್ಬರಿರುವ ಒಂದು ರೂಮಿಗೆ ಹತ್ತಿರ ಹತ್ತಿರ 3 ಕಿಲೋ ಆಯಿತು. ಐದು ರೂಮಿಗೆ 15 ಕಿಲೋ. ನಿಮ್ಮ ಭಾನುವಾರದ ಭಾರ ಇಷ್ಟೇ.

ಮೆಷಿನ್ ಮೇಲೆ ಬರೆದಿರುವ 9 ಕಿಲೋ ಅಂದರೆ ಒಣ ಬಟ್ಟೆಯ ತೂಕ. ಅದೂ ಕಾಟನ್ ಪ್ರೋಗ್ರಾಂಗೆ ಮಾತ್ರ. ಬೆಡ್‌ಶೀಟ್ ಒಂದಕ್ಕೊಂದು ಸುತ್ತಿಕೊಂಡು ಉಂಡೆಯಾಗುತ್ತವೆ. ಆದ್ದರಿಂದ 9 ಕಿಲೋ ಮೆಷಿನ್‌ಗೆ 6 ಕಿಲೋ ಹಾಕಿದರೆ ಚೆನ್ನಾಗಿ ಒಗೆಯುತ್ತದೆ. ಡ್ರಮ್‌ನ ಮೇಲ್ಗಡೆ ಒಂದು ಅಂಗೈಯಷ್ಟು ಜಾಗ ಉಳಿಯಬೇಕು. ಅಲ್ಲಿಗೆ ಮೂರು ಸಲ ಹಾಕಿದರೆ ಭಾನುವಾರದ ಬಟ್ಟೆ ಮುಗಿಯಿತು. ಹನ್ನೊಂದು ಗಂಟೆಗೆ ಅತಿಥಿಗಳು ಹೊರಟರೆ ರಾತ್ರಿ ಊಟದ ಹೊತ್ತಿಗೆ ಒಗೆಯುವ ಕೆಲಸ ಆಗಿರುತ್ತದೆ. 12 ಕಿಲೋದ್ದಕ್ಕೆ ಸುಮ್ನೆ ದುಡ್ಡು ಸುರಿಯುವ ಅಗತ್ಯ ಇಲ್ಲ.

ನಿಮ್ಮ ಕಷ್ಟ ಇರುವುದು ಒಣಗಿಸುವುದರಲ್ಲಿ. ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ಮುಗಿಯುವವರೆಗೆ ನಿಮ್ಮಲ್ಲಿ ಬಿಸಿಲಿನ ಮುಖ ನೋಡುವುದು ಅಪರೂಪ. ಈಗ ಮಳೆ ನೋಡುವುದಕ್ಕೆಂದೇ ಜನ ಬರುತ್ತಾರೆ, ರೂಮು ತುಂಬಿರುವುದೂ ಆಗಲೇ. ಅದಕ್ಕೇ ಮೆಷಿನ್ ಆರಿಸುವಾಗ ನಾನು ಮೊದಲು ನೋಡುವುದು ಅದು ಎಷ್ಟು ಗಟ್ಟಿಯಾಗಿ ಹಿಂಡುತ್ತದೆ ಅನ್ನುವುದನ್ನು. ಒಗೆಯುವುದನ್ನು ಎಲ್ಲ ಮೆಷಿನ್‌ಗಳೂ ಹೆಚ್ಚುಕಡಿಮೆ ಮಾಡುತ್ತವೆ.

ಲೆಕ್ಕ ನೋಡಿ. 10 ಕಿಲೋ ಒಣ ಬಟ್ಟೆ ಒಗೆದು, ನಿಮಿಷಕ್ಕೆ 700–800 ಸುತ್ತಿನ ಟಾಪ್ ಲೋಡ್‌ನಲ್ಲಿ ಹಿಂಡಿದರೆ ಬಟ್ಟೆಯಲ್ಲಿ 7–8 ಲೀಟರ್ ನೀರು ಉಳಿಯುತ್ತದೆ. 1,400 ಸುತ್ತಿನ ಫ್ರಂಟ್ ಲೋಡ್‌ನಲ್ಲಿ 5 ಲೀಟರ್ ಆಸುಪಾಸು. ಈ ಎರಡು ಮೂರು ಲೀಟರ್ ನೀರನ್ನು ಡ್ರೈಯರ್‌ನಲ್ಲಿ ಬಿಸಿ ಮಾಡಿ ಆರಿಸಬೇಕಾದರೆ ಲೀಟರಿಗೆ ಹೆಚ್ಚುಕಡಿಮೆ ಒಂದು ಯೂನಿಟ್ ಕರೆಂಟ್ ಬೇಕು. ಅದೇ ನೀರನ್ನು ತಿರುಗಿಸಿ ತೆಗೆಯುವುದಕ್ಕೆ ಖರ್ಚಾಗುವ ಕರೆಂಟು ಲೆಕ್ಕಕ್ಕೇ ಬರುವುದಿಲ್ಲ. ಹಗ್ಗದ ಮೇಲೆ ಹಾಕಿದರೂ ಅಷ್ಟೇ, ನೀರು ಕಡಿಮೆ ಇದ್ದಷ್ಟೂ ಮುಗ್ಗಲು ವಾಸನೆ ಹಿಡಿಯುವ ಮೊದಲೇ ಒಣಗುತ್ತದೆ.

'ಸೆಮಿ ಆಟೋಮ್ಯಾಟಿಕ್ ಕೂಡ 1,300 ಸುತ್ತು ತಿರುಗುತ್ತದಲ್ಲಾ' ಎಂದು ಅಂಗಡಿಯವರು ಹೇಳಬಹುದು. ಹೌದು. ಆದರೆ ಅದರ ಹಿಂಡುವ ಡಬ್ಬಿ ಚಿಕ್ಕದು. ಸುತ್ತು ಅಷ್ಟೇ ಇದ್ದರೂ ಡ್ರಮ್ ಅಗಲ ಕಡಿಮೆಯಾದರೆ ನೀರನ್ನು ಹೊರಗೆಸೆಯುವ ಬಲವೂ ಕಡಿಮೆ. ಜೊತೆಗೆ ಡಬಲ್ ಬೆಡ್‌ಶೀಟ್ ಅದರಲ್ಲಿ ಒಂದೆರಡಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ.

ವಾಷರ್ ಡ್ರೈಯರ್ ಬೇಡ ಎಂದೇ ಹೇಳುತ್ತೇನೆ. ಕೇಳುವುದಕ್ಕೆ ಚೆಂದ, ನಿಮ್ಮಂಥ ಕಡೆ ಕೈಕೊಡುತ್ತದೆ. 8 ಕಿಲೋ ಒಗೆಯುವ ಮೆಷಿನ್ ಒಮ್ಮೆಗೆ ಒಣಗಿಸುವುದು 5 ಕಿಲೋ ಮಾತ್ರ. ಅದಕ್ಕೇ ಮೂರು ತಾಸು ಹಿಡಿಯಬಹುದು. ಅಷ್ಟು ಹೊತ್ತು ಡ್ರಮ್ ಖಾಲಿ ಇರುವುದಿಲ್ಲ, ಮುಂದಿನ ರೂಮಿನ ಬಟ್ಟೆ ಬುಟ್ಟಿಯಲ್ಲೇ ಕೂತಿರುತ್ತದೆ. ಐದು ರೂಮಿನ ಭಾನುವಾರದ ಬಟ್ಟೆ ಭಾನುವಾರ ರಾತ್ರಿಗೂ ಮುಗಿಯಲಿಕ್ಕಿಲ್ಲ. ಒಂದು ಕೆಟ್ಟರೆ ಒಗೆಯುವುದು, ಒಣಗಿಸುವುದು ಎರಡೂ ನಿಂತವು.

ನನ್ನ ಸಲಹೆ: ಹೀಟರ್ ಇರುವ 8 ಅಥವಾ 9 ಕಿಲೋದ ಫ್ರಂಟ್ ಲೋಡ್, 1,400 ಸುತ್ತಿನದು. 35ರಿಂದ 45 ಸಾವಿರದೊಳಗೆ ಸಿಗುತ್ತದೆ. ಉಳಿದ ದುಡ್ಡಲ್ಲಿ ಪ್ರತಿ ಮಂಚಕ್ಕೆ ಮೂರು ಜೊತೆ ಬೆಡ್‌ಶೀಟ್ ಆಗುವಂತೆ ನೋಡಿಕೊಳ್ಳಿ. ಒಂದು ಹಾಸಿಗೆಯ ಮೇಲೆ, ಒಂದು ಒಗೆಯಲು, ಒಂದು ಬೀರುವಿನಲ್ಲಿ. ಮಳೆಗಾಲಕ್ಕೆಂದು ಕೊಳ್ಳುವ ಜೊತೆ ಪಾಲಿಯೆಸ್ಟರ್ ಕಾಟನ್ ಬೆರಕೆಯದಿರಲಿ, ಬೇಗ ಒಣಗುತ್ತದೆ. ಮುಂದಿನ ವರ್ಷಕ್ಕೆ ಒಂದು ಡೀಹ್ಯೂಮಿಡಿಫೈಯರ್ ಯೋಚಿಸಿ. ಕಿಟಕಿ ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಹಗ್ಗ ಕಟ್ಟಿ, ಒಂದು ಫ್ಯಾನ್ ಹಾಕಿ, ಇದನ್ನು ರಾತ್ರಿಯಿಡೀ ಓಡಿಸಿದರೆ ಗಾಳಿಯಲ್ಲಿರುವ ತೇವವನ್ನೆಲ್ಲ ಅದು ನೀರಾಗಿ ಇಳಿಸಿ ತೊಟ್ಟಿಯಲ್ಲಿ ತುಂಬಿಸುತ್ತದೆ. ಕಿಟಕಿ ತೆರೆದಿಟ್ಟರೆ ಮಾತ್ರ ಹೊರಗಿನ ಮಳೆಗಾಳಿಯನ್ನೇ ಒಣಗಿಸುತ್ತಾ ಕೂರುತ್ತದೆ. ಬಚ್ಚಲ ಒಲೆಯ ಮೇಲೆ ಒಣಗಿಸುವುದು ನಮಗೆ ರೂಢಿ, ಆದರೆ ಹೊಗೆ ವಾಸನೆ ಬೆಡ್‌ಶೀಟ್‌ಗೆ ಹತ್ತುತ್ತದೆ. ಪೇಟೆಯಿಂದ ಬಂದವರಿಗೆ ಅದು ತೊಳೆಯದ ಬಟ್ಟೆ ಅನ್ನಿಸಿಬಿಡುತ್ತದೆ, ಅಲ್ವಾ?

ಹೀಟರ್ ಯಾಕೆ ಅಂದರೆ, ಟವೆಲ್ ಬೆಡ್‌ಶೀಟ್‌ಗಳನ್ನು ಆಗಾಗ 60 ಡಿಗ್ರಿಯಲ್ಲಿ ಒಗೆದರೆ ಎಣ್ಣೆ ಜಿಡ್ಡು, ಬೆವರಿನ ವಾಸನೆ ಪೂರ್ತಿ ಹೋಗುತ್ತದೆ. ಒಂದು ಎಚ್ಚರ. ಮಳೆಗಾಲದಲ್ಲಿ ಉಂಬಳ ಕಚ್ಚಿಸಿಕೊಂಡು ಬಂದವರ ರಕ್ತದ ಕಲೆ ಟವೆಲ್, ಬೆಡ್‌ಶೀಟ್ ಮೇಲೆ ಆಗಿಯೇ ಆಗುತ್ತದೆ. ಅದನ್ನು ನೇರ ಬಿಸಿನೀರಿಗೆ ಹಾಕಿದರೆ ಕಲೆ ಬೆಂದು ಕೂತುಬಿಡುತ್ತದೆ. ಮೊದಲು ತಣ್ಣೀರಲ್ಲಿ ನೆನೆಸಿ, ಉಜ್ಜಿ, ಆಮೇಲೆ ಮೆಷಿನ್‌ಗೆ ಹಾಕಿ.

ಕೊಳ್ಳುವ ಮೊದಲು ಎರಡು ಕೆಲಸ ಮಾಡಿ. ಒಂದು, ಕಂಪನಿಯ ಸರ್ವಿಸ್ ನಂಬರಿಗೆ ನೀವೇ ಫೋನ್ ಮಾಡಿ, ನಿಮ್ಮ ಪಿನ್‌ಕೋಡ್ ಹೇಳಿ, ಟೆಕ್ನೀಷಿಯನ್ ಎಲ್ಲಿಂದ ಬರುತ್ತಾರೆ ಎಂದು ಕೇಳಿ. ಕೊಪ್ಪದಿಂದ ಬರುವುದಕ್ಕೂ ಶಿವಮೊಗ್ಗದಿಂದ ಬರುವುದಕ್ಕೂ ಬಹಳ ವ್ಯತ್ಯಾಸ ಇದೆ. ನಾಲ್ಕು ಪ್ರೋಗ್ರಾಂ ಕಡಿಮೆ ಇದ್ದರೂ ಪರವಾಗಿಲ್ಲ, ಹತ್ತಿರದಲ್ಲಿ ಮೆಕ್ಯಾನಿಕ್ ಇರುವ ಬ್ರ್ಯಾಂಡ್ ತಗೊಳ್ಳಿ. ಎರಡು, ವಾರಂಟಿ ಕಾರ್ಡ್ ತೆರೆದು ಓದಿ. ಮನೆ ಬಳಕೆಯ ಮೆಷಿನ್‌ಗಳಲ್ಲಿ 'ವಾಣಿಜ್ಯ ಬಳಕೆಗೆ ವಾರಂಟಿ ಅನ್ವಯಿಸುವುದಿಲ್ಲ' ಎಂಬ ಸಾಲು ಸಾಮಾನ್ಯ. ಹೋಂಸ್ಟೇಗೆ ವಾರಂಟಿ ಸಿಗುತ್ತದೆಯೇ ಎಂದು ಕಂಪನಿಯಿಂದಲೇ ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ. ಅಂಗಡಿಯವರ ಬಾಯಿಮಾತು ಸಾಲದು.

ಕೂರಿಸುವಾಗ ನೀರಿನ ಒತ್ತಡ ನೋಡಬೇಕು. ಫ್ರಂಟ್ ಲೋಡ್‌ಗೆ ಸಾಮಾನ್ಯವಾಗಿ ಕನಿಷ್ಠ 0.3 ಬಾರ್ ಬೇಕು. ಅಂದರೆ ಟ್ಯಾಂಕ್‌ನಲ್ಲಿರುವ ನೀರು ನಲ್ಲಿಗಿಂತ 3 ಮೀಟರ್ ಮೇಲಿರಬೇಕು. ಗುಡ್ಡದಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರಾದರೆ ಒತ್ತಡಕ್ಕೆ ತೊಂದರೆ ಇಲ್ಲ, ಆದರೆ ಮರಳು, ಎಲೆಚೂರು ಬರುತ್ತದೆ. ಪೈಪಿಗೆ ಒಂದು ಫಿಲ್ಟರ್ ಹಾಕಿಸಿ. ಆ ನೀರು ಮೆದು, ನೊರೆ ಜಾಸ್ತಿ. ಪುಡಿಯ ಪೊಟ್ಟಣದ ಮೇಲೆ ಬರೆದಿರುವುದರಲ್ಲಿ ಅರ್ಧ ಸಾಕು. ನೊರೆ ಉಕ್ಕಿದರೆ ಮೆಷಿನ್ ಸರಿಯಾಗಿ ಹಿಂಡುವುದೇ ಇಲ್ಲ.

ಮಲೆನಾಡಲ್ಲಿ ಮೆಷಿನ್ ಸಾಯುವುದು ಹೆಚ್ಚಾಗಿ ಇಲಿಯಿಂದ, ಸಿಡಿಲಿನಿಂದ. ತಳಕ್ಕೆ ಜಾಲರಿ ಅಥವಾ ತಗಡು ಹಾಕಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮೋಡ ಕಪ್ಪಾದ ಕೂಡಲೇ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ವೋಲ್ಟೇಜ್ ತೀರಾ ಬೀಳುವ ಲೈನ್ ಆದರೆ ಹೀಟರ್‌ನ ಭಾರ ತಡೆಯುವಂಥ ಸ್ಟೆಬಿಲೈಜರ್ ಬೇಕು. ಟಿವಿಗೆ ಹಾಕುವಂಥದ್ದು ಆಗುವುದಿಲ್ಲ. ಜನರೇಟರ್‌ನಲ್ಲಿ ಓಡಿಸುವ ದಿನ ತಣ್ಣೀರಿನ ಪ್ರೋಗ್ರಾಂ ಹಾಕಿ. ಕೆಲಸ ಮುಗಿದ ಮೇಲೆ ಬಾಗಿಲ ರಬ್ಬರ್ ಒರೆಸಿ, ಬಾಗಿಲು ತೆರೆದೇ ಬಿಡಿ. ಇಲ್ಲದಿದ್ದರೆ ಆಷಾಢದಲ್ಲಿ ವಾರದೊಳಗೆ ಕಪ್ಪು ಬೂಷ್ಟು ಹಿಡಿಯುತ್ತದೆ.

ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡುವ ಆತುರ ಬೇಡ. ಅದಕ್ಕೆ ಸಿಗುವುದು ಪುಡಿಗಾಸು. ಶಾಕ್ ಬರಲು ಕಾರಣ ಮನೆಯ ಅರ್ಥಿಂಗ್ ಮಾತ್ರ, ಮೆಷಿನ್ ಒಳಗೆ ಸೋರಿಕೆ ಇಲ್ಲ ಎಂದು ಎಲೆಕ್ಟ್ರಿಷಿಯನ್ ಪರೀಕ್ಷಿಸಿ ಹೇಳಿದರೆ, ಹಿಂಡುವ ಮೋಟಾರ್ ಹಾಕಿಸಿ ಇಟ್ಟುಕೊಳ್ಳಿ. ಕಾಲೊರೆಸು, ತೋಟದ ಬಟ್ಟೆ, ಕೆಸರಾದ ಟವೆಲ್ ಅದರಲ್ಲಿ ಆಗಲಿ. ಹೊಸದು ಕೈಕೊಟ್ಟ ದಿನ ಆಸರೆಯೂ ಆಯಿತು. ಸೋರಿಕೆ ಮೆಷಿನ್‌ನಲ್ಲೇ ಇದ್ದರೆ ಮಾತ್ರ ಮೋಹ ಬಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಪ್ರಶ್ನೆ: ಸಕಲೇಶಪುರದ ಕಡೆ ನಾಲ್ಕು ರೂಮಿನ ಗೆಸ್ಟ್‌ಹೌಸ್ ನಮ್ಮದು. ಬಿಳಿ ಬೆಡ್‌ಶೀಟ್‌ಗಳೆಲ್ಲ ಹಳದಿ ತಿರುಗುತ್ತಿವೆ. ಬ್ಲೀಚ್ ಹಾಕಿದರೆ ಇನ್ನೂ ಜಾಸ್ತಿ. ಮೆಷಿನ್ ಒಂಬತ್ತು ವರ್ಷದ್ದು. ಬದಲಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಬೋರ್‌ವೆಲ್ ನೀರಿರಬೇಕು ಅಂದುಕೊಳ್ಳುತ್ತೇನೆ. ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಬೋರ್‌ನಿಂದ ಆಗತಾನೇ ಎತ್ತಿದ ನೀರನ್ನು ಬಿಳಿ ಬಕೆಟ್‌ನಲ್ಲಿ ತುಂಬಿ ರಾತ್ರಿಯಿಡೀ ಬಿಡಿ. ಸಂಜೆ ತಿಳಿಯಾಗಿದ್ದ ನೀರು ಬೆಳಿಗ್ಗೆ ಹಳದಿಯಾಗಿ, ತಳದಲ್ಲಿ ಕಂದು ಗಸಿ ಕೂತಿದ್ದರೆ ನೀರಲ್ಲಿ ಕಬ್ಬಿಣ ಇದೆ. ನೀರಲ್ಲಿ ಕರಗಿರುವಾಗ ಅದು ಕಣ್ಣಿಗೆ ಕಾಣುವುದಿಲ್ಲ. ಗಾಳಿ ತಾಗಿದಾಗ ತುಕ್ಕಾಗುತ್ತದೆ. ಬ್ಲೀಚ್ ಹಾಕಿದರೆ ಆ ಕೆಲಸ ಇನ್ನೂ ಬೇಗ ಆಗುತ್ತದೆ, ತುಕ್ಕು ನೂಲಿಗೇ ಹಿಡಿಯುತ್ತದೆ. ನಿಮ್ಮ ಬೆಡ್‌ಶೀಟ್ ಕೆಟ್ಟಿದ್ದು ಹೀಗೆ.

ಹಾಗಿದ್ದರೆ ಮೆಷಿನ್ ಬದಲಿಸಿ ಪ್ರಯೋಜನ ಇಲ್ಲ. ಹೊಸದರಲ್ಲೂ ಹಳದಿಯೇ ಬರುತ್ತದೆ. ಆ ದುಡ್ಡಲ್ಲಿ ಕಬ್ಬಿಣ ತೆಗೆಯುವ ಫಿಲ್ಟರ್ ಹಾಕಿಸಿ. ಅಲ್ಲಿಯವರೆಗೆ ನೀರನ್ನು ಮೇಲಿನಿಂದ ಸಿಂಪಡಿಸಿದಂತೆ ಒಂದು ಟ್ಯಾಂಕ್‌ಗೆ ಬೀಳಿಸಿ, ಒಂದು ದಿನ ನಿಲ್ಲಿಸಿ, ಮೇಲಿನ ತಿಳಿಯನ್ನು ಮಾತ್ರ ಬಳಸಿ. ಮಳೆಗಾಲದಲ್ಲಿ ಹೆಂಚಿನ ನೀರು ಹಿಡಿದರೆ ಬಟ್ಟೆಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಮೊದಲ ಮಳೆಗಳ ನೀರು ಬಿಟ್ಟು ಹಿಡಿಯಿರಿ. ಹಳದಿಯಾದ ಬೆಡ್‌ಶೀಟ್‌ಗಳನ್ನು ಸಿಟ್ರಿಕ್ ಆ್ಯಸಿಡ್ ಕರಗಿಸಿದ ಬಿಸಿನೀರಲ್ಲಿ ನೆನೆಸಿ, ಚೆನ್ನಾಗಿ ಜಾಲಾಡಿ. ಬ್ಲೀಚ್ ಮಾತ್ರ ಅದರ ಜೊತೆ ಸೇರಲೇಬಾರದು, ವಿಷದ ಗಾಳಿ ಏಳುತ್ತದೆ.

ಪ್ರಶ್ನೆ: ಗೋಕರ್ಣದಲ್ಲಿ ಆರು ರೂಮು ಇದೆ. ಫ್ರಂಟ್ ಲೋಡ್ ಮೆಷಿನ್‌ಗೆ ಐದು ವರ್ಷ. ಹಿಂಡುವಾಗ ಕಿವಿ ಕಿತ್ತುಹೋಗುವಷ್ಟು ಸದ್ದು. ರಿಪೇರಿಗೆ 14 ಸಾವಿರ ಅಂದಿದ್ದಾರೆ. ಮಾಡಿಸಲೋ, ಹೊಸದು ತರಲೋ?

ಉತ್ತರ: ಬೇರಿಂಗ್ ಹೋಗಿರುವ ಸಂಭವ ಜಾಸ್ತಿ. ಪ್ಲಗ್ ತೆಗೆದು, ಖಾಲಿ ಡ್ರಮ್ ಅನ್ನು ಕೈಯಲ್ಲಿ ತಿರುಗಿಸಿ ನೋಡಿ. ಗರಗರ ಅಂದರೆ, ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಸಡಿಲ ಅನ್ನಿಸಿದರೆ ಅದೇ. ಡ್ರಮ್‌ನ ಹಿಂದೆ ಅದನ್ನು ಹಿಡಿದಿರುವ ಮೂರು ಕಾಲಿನ ಅಲ್ಯೂಮಿನಿಯಂ ಭಾಗ ಇರುತ್ತದೆ, ಸ್ಪೈಡರ್ ಅನ್ನುತ್ತಾರೆ. ಸೋಪಿನ ಖಾರಕ್ಕೆ, ಟವೆಲ್ ಜೊತೆ ಬರುವ ಉಪ್ಪುನೀರಿಗೆ ಅದು ತಿಂದುಹೋಗುತ್ತದೆ. ಅದು ತೂತು ತೂತಾಗಿದ್ದರೆ ಬರೀ ಬೇರಿಂಗ್ ಹಾಕಿಸಿದ ದುಡ್ಡು ನೀರಿನಲ್ಲಿ ಹೋದಂತೆ. ಕೆಲವು ಮಾಡೆಲ್‌ಗಳಲ್ಲಿ ಹೊರಗಿನ ತೊಟ್ಟಿಯನ್ನು ಅಂಟಿಸಿಯೇ ಕಳಿಸಿರುತ್ತಾರೆ, ಬಿಚ್ಚುವುದಕ್ಕೇ ಬರುವುದಿಲ್ಲ, ಇಡೀ ತೊಟ್ಟಿಯನ್ನೇ ಬದಲಿಸಬೇಕು. ನಿಮಗೆ ಹೇಳಿದ 14 ಸಾವಿರ ಬರೀ ಬೇರಿಂಗ್‌ಗೋ, ಇಡೀ ತೊಟ್ಟಿಗೋ ಕೇಳಿ. ಇಡೀ ತೊಟ್ಟಿ, ಹೊಸ ಸ್ಪೈಡರ್ ಎಲ್ಲ ಸೇರಿದ್ದು, ಹೊರಮೈ ತುಕ್ಕು ಹಿಡಿದಿಲ್ಲ ಅಂದರೆ ಮಾಡಿಸಿ. ಬರೀ ಬೇರಿಂಗ್‌ಗೆ ಅಷ್ಟು ಕೇಳಿದ್ದರೆ ಬೇಡ, ಹೊಸದಕ್ಕೇ ಹೋಗಿ. ಎರಡರಲ್ಲಿ ಯಾವುದಾದರೂ, ಬೀಚ್‌ನಿಂದ ಬಂದ ಟವೆಲ್ ಒಣಗಿಸಿ, ಮರಳು ಕೊಡವಿ, ಸಿಹಿನೀರಲ್ಲಿ ಒಂದು ಸಲ ಅದ್ದಿ ತೆಗೆದೇ ಮೆಷಿನ್‌ಗೆ ಹಾಕಿ. ಪಂಪಿನ ಜಾಲರಿಯನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆಯಿರಿ.