ಮೂರು ಮಾತ್ರೆ ಸೋತವು ಅಂತೀರಾ? ಲೆಕ್ಕ ನೋಡೋಣ

ಪ್ರಶ್ನೆ: ನನಗೆ 34 ವರ್ಷ. ಖಿನ್ನತೆಗೆ ಎಂಟು ತಿಂಗಳಿಂದ ಚಿಕಿತ್ಸೆ ನಡೆದಿದೆ. ಮೊದಲು ಸರ್ಟ್ರಾಲಿನ್ 50 ಮಿಲಿಗ್ರಾಂ ಕೊಟ್ಟರು. ಹೊಟ್ಟೆ ತೊಳಸಿ, ಕೈ ನಡುಗಿ, ಒಂಬತ್ತನೇ ದಿನಕ್ಕೆ ಬಿಟ್ಟೆ. ಆಮೇಲೆ ಮೂರು ತಿಂಗಳು ಮಿರ್ಟಾಜಪಿನ್. ನಿದ್ದೆ ಬಂತು, ಆದರೆ ಬೆಳಿಗ್ಗೆ ತಲೆ ಎತ್ತೋಕೇ ಆಗ್ತಿರಲಿಲ್ಲ, 6 ಕೆಜಿ ತೂಕ ಏರಿತು. ಈಗ ಹತ್ತು ವಾರದಿಂದ ಎಸಿಟಲೋಪ್ರಾಂ 10 ಮಿಲಿಗ್ರಾಂ. ಅಳು ನಿಂತಿದೆ, ಕೆಲಸಕ್ಕೆ ಹೋಗುತ್ತಿದ್ದೇನೆ. ಆದರೆ ನಗುವೂ ಬರಲ್ಲ, ಲೈಂಗಿಕ ಆಸಕ್ತಿ ಪೂರ್ತಿ ಹೋಗಿದೆ. ಇದನ್ನು ಡಾಕ್ಟರ ಹತ್ತಿರ ಹೇಳಲು ನಾಚಿಕೆ. ಸಿಟ್ಟಿಗೆ ಮೂರು ದಿನ ಮಾತ್ರೆ ಬಿಟ್ಟೆ, ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗಾಯಿತು, ಹೆದರಿ ಮತ್ತೆ ಶುರು ಮಾಡಿದೆ. ಮೂರೂ ಸೋತವು. ನಾನೇನು ಪ್ರಯೋಗದ ಇಲಿಯಾ?
(ಹೆಸರು ಬೇಡ)

ಉತ್ತರ: ಇಲಿ ಅಲ್ಲ. ಆದರೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಯಾರಿಗೆ ಯಾವ ಮಾತ್ರೆ ಒಗ್ಗುತ್ತದೆ ಅಂತ ಮೊದಲೇ ತಿಳಿಸುವ ರಕ್ತ ಪರೀಕ್ಷೆ ಇನ್ನೂ ಬಂದಿಲ್ಲ. ಜೀನ್ ಪರೀಕ್ಷೆ ಇದೆ, ಅದು ನಿಮ್ಮ ಲಿವರ್ ಒಂದು ಮಾತ್ರೆಯನ್ನು ಬೇಗ ಖಾಲಿ ಮಾಡುತ್ತದೋ ನಿಧಾನಕ್ಕೋ ಅಂತ ಹೇಳೀತು, ಮನಸ್ಸಿಗೆ ಯಾವುದು ಹಿಡಿಸುತ್ತದೆ ಅಂತ ಅಲ್ಲ. ಅಮೆರಿಕದಲ್ಲಿ ಸುಮಾರು 4,000 ಜನ ಸೇರಿದ್ದ ಸ್ಟಾರ್-ಡಿ ಅಧ್ಯಯನದ ಫಲಿತಾಂಶ 2006ರಲ್ಲಿ ಬಂತು. ಅದರಲ್ಲಿ ಮೊದಲ ಮಾತ್ರೆಯಲ್ಲೇ ಪೂರ್ತಿ ಹುಷಾರಾದವರು ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ಅಂದರೆ ಎರಡನೇ ಮಾತ್ರೆಗೆ ಹೋಗಬೇಕಾಗಿ ಬರುವುದೇ ಮಾಮೂಲಿ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಮೂರೂ ಸೋತವು ಅಂತೀರಿ, ನನಗೆ ಕಾಣುವ ಹಾಗೆ ಸೋತದ್ದು ಒಂದೇ.

ಸರ್ಟ್ರಾಲಿನ್ ಸೋಲಲಿಲ್ಲ, ಅದರ ಪರೀಕ್ಷೆಯೇ ಮುಗಿಯಲಿಲ್ಲ. ಈ ಮಾತ್ರೆಗಳಲ್ಲಿ ಕಾಟ ಮೊದಲು, ಗುಣ ಆಮೇಲೆ. ಇವು ಕೆಲಸ ಮಾಡುವುದು ಸೆರೊಟೋನಿನ್ ಅನ್ನುವ, ನರಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕದ ಮೇಲೆ. ದೇಹದ ಸೆರೊಟೋನಿನ್‌ನಲ್ಲಿ ನೂರಕ್ಕೆ ಸುಮಾರು 90 ಪಾಲು ಇರುವುದು ಕರುಳಿನಲ್ಲಿ, ಹಾಗಾಗಿ ಹೊಟ್ಟೆಯೇ ಮೊದಲು ಗಲಾಟೆ ಎಬ್ಬಿಸುತ್ತದೆ. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಅದು ತಣ್ಣಗಾಗುತ್ತದೆ, ಮನಸ್ಸು ಹಗುರಾಗಲು ಮಾತ್ರ ನಾಲ್ಕರಿಂದ ಆರು ವಾರ ಬೇಕು. 25ರಿಂದ ಶುರು ಮಾಡಿ, ಊಟದ ಜೊತೆ ತಗೊಂಡಿದ್ದರೆ ನೀವು ತಡೆದುಕೊಳ್ಳುತ್ತಿದ್ದಿರೇನೋ. ಇದನ್ನು ಮೊದಲೇ ಯಾರೂ ಹೇಳದೆ ಸುಮ್ನೆ ಚೀಟಿ ಬರೆದು ಕಳಿಸಿದ್ದರೆ ತಪ್ಪು ನಿಮ್ಮದಲ್ಲ.

ಮಿರ್ಟಾಜಪಿನ್ ಬಿಟ್ಟದ್ದು ಸರಿ. ಅದು ನಮ್ಮನ್ನು ಎಚ್ಚರವಾಗಿಡುವ ರಾಸಾಯನಿಕ ಹಿಸ್ಟಮಿನ್‌ಗೆ ಅಡ್ಡ ನಿಲ್ಲುತ್ತದೆ, ಅದಕ್ಕೇ ಅಷ್ಟು ನಿದ್ದೆ. ಹಸಿವು ಜಾಸ್ತಿಯಾಗುವುದರಲ್ಲೂ ಅದರ ಕೈವಾಡ ಇದೆ.

ಎಸಿಟಲೋಪ್ರಾಂ ಅರ್ಧ ಗೆದ್ದಿದೆ. ಅಳು ನಿಂತು ಕೆಲಸಕ್ಕೆ ಹೋಗುತ್ತಿದ್ದೀರಿ, ಅದು ಸಣ್ಣ ಮಾತಲ್ಲ. ಉಳಿದ ಅರ್ಧ ನೀವು ಹೇಳದೇ ಇಟ್ಟುಕೊಂಡಿರುವುದರಲ್ಲಿದೆ. ಆಸಕ್ತಿ ಹೋಗುವುದು ಈ ಗುಂಪಿನ ಮಾತ್ರೆಗಳಲ್ಲಿ ತುಂಬಾ ಸಾಮಾನ್ಯ, ನಾವು ಡಾಕ್ಟರುಗಳೇ ಕೇಳಬೇಕಾದ ಪ್ರಶ್ನೆ ಅದು, ಎಷ್ಟೋ ಸಲ ನಾವೂ ಕೇಳಲ್ಲ, ನೀವೂ ಹೇಳಲ್ಲ, ಕೊನೆಗೆ ಒಂದು ದಿನ ಮಾತ್ರೆ ಡಸ್ಟ್‌ಬಿನ್‌ಗೆ ಹೋಗುತ್ತದೆ. ಹೇಳಿದರೆ ದಾರಿಗಳಿವೆ. ಡೋಸ್ ಇಳಿಸಿ ನೋಡಬಹುದು, ನಗು ಬರದೆ ಮನಸ್ಸು ಮರಗಟ್ಟಿದ ಹಾಗಿರುವುದೂ ಅದರಿಂದ ಕೆಲವರಿಗೆ ಕಡಿಮೆಯಾಗುತ್ತದೆ. ಬೇರೆ ಗುಂಪಿನ ಖಿನ್ನತೆ ಮಾತ್ರೆ ಬುಪ್ರೋಪಿಯಾನ್‌ಗೆ ಬದಲಾಯಿಸಬಹುದು, ಇಲ್ಲವೇ ಇದರ ಜೊತೆಗೇ ಸೇರಿಸಬಹುದು. ಅದರಲ್ಲಿ ಈ ತೊಂದರೆಯೂ ಕಡಿಮೆ, ತೂಕವೂ ಸಾಮಾನ್ಯವಾಗಿ ಏರಲ್ಲ. ಆದರೆ ಫಿಟ್ಸ್ ಇರುವವರಿಗೆ ಅದು ಆಗಲ್ಲ, ಕೆಲವರಿಗೆ ನಿದ್ದೆ ಕೆಡಿಸುತ್ತದೆ, ಗಾಬರಿ ಹೆಚ್ಚಿಸುತ್ತದೆ.

ಇನ್ನು ಆ ಕರೆಂಟ್. ಅದು ಚಟ ಹತ್ತಿದ ಲಕ್ಷಣ ಅಲ್ಲ. ದಿಢೀರ್ ಅಂತ ನಿಲ್ಲಿಸಿದ್ದಕ್ಕೆ ಮಿದುಳಿನ ತಕರಾರು, ಅಷ್ಟೇ. ಪರಾಕ್ಸಿಟಿನ್, ವೆನ್ಲಾಫ್ಯಾಕ್ಸಿನ್ ಅನ್ನುವ ಖಿನ್ನತೆ ಮಾತ್ರೆಗಳನ್ನು ಹೀಗೆ ನಿಲ್ಲಿಸಿದಾಗ ಇದು ಇನ್ನೂ ಜೋರು. ಫ್ಲುಯಾಕ್ಸಿಟಿನ್ ವಾರಗಟ್ಟಲೆ ಮೈಯಲ್ಲೇ ಉಳಿಯುವುದರಿಂದ ಅದರಲ್ಲಿ ಕಡಿಮೆ. ಯಾವುದನ್ನೇ ಬಿಡುವುದಾದರೂ ಡಾಕ್ಟರಿಗೆ ಹೇಳಿ, ಹಂತಹಂತವಾಗಿ ಇಳಿಸಿ.

ಎರಡು ವಿಷಯಕ್ಕೆ ಮಾತ್ರ ಮುಂದಿನ ಭೇಟಿಯವರೆಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ: ಸಾಯುವ ಯೋಚನೆ ಬಂದರೆ, ಅಥವಾ ನಿದ್ದೆಯೇ ಬೇಡ ಅನ್ನುವಷ್ಟು ಉತ್ಸಾಹ ಉಕ್ಕಿ ಮಾತು, ಖರ್ಚು ಎಲ್ಲಾ ಓಡತೊಡಗಿದರೆ. ಎರಡನೆಯದು ಅತಿ ಉತ್ಸಾಹ, ಖಿನ್ನತೆ ಎರಡೂ ಸರದಿಯಲ್ಲಿ ಬರುವ ಕಾಯಿಲೆ ಬೈಪೋಲಾರ್‌ನ ಸುಳಿವಿರಬಹುದು, ಆಗ ಮಾತ್ರೆಯ ದಾರಿಯೇ ಬೇರೆ. ಮನೆಯಲ್ಲಿ ಯಾರಿಗಾದರೂ ಅದು ಇದ್ದರೆ ಈಗಲೇ ತಿಳಿಸಿ.

ಮುಂದಿನ ಭೇಟಿಗೆ ಒಂದು ಹಾಳೆ ಒಯ್ಯಿರಿ. ಮಾತ್ರೆಯ ಹೆಸರು, ಡೋಸ್, ಎಷ್ಟು ದಿನ ತಗೊಂಡಿರಿ, ಏನು ಸರಿಹೋಯಿತು, ಏನು ಕಾಡಿತು, ಯಾಕೆ ಬಿಟ್ಟಿರಿ. ನನಗೆ ಬರೆದ ಕಾಗದದಲ್ಲಿ ಇದೆಲ್ಲಾ ಆಗಲೇ ಇದೆ, ಅಲ್ವಾ? ಅದನ್ನೇ ನಕಲು ಮಾಡಿ. ನಾಚಿಕೆಯ ಸಾಲನ್ನು ಮೊದಲು ಬರೆಯಿರಿ, ಬಾಯಿ ಬಿಟ್ಟು ಹೇಳುವುದೇನೂ ಬೇಡ, ಹಾಳೆ ಟೇಬಲ್ ಮೇಲಿಟ್ಟು ಅವರು ಓದಿ ಮುಗಿಸುವವರೆಗೆ ಕಿಟಕಿ ಕಡೆ ನೋಡುತ್ತಾ ಕೂತಿರಿ.