ಕೊಲೆಸ್ಟ್ರಾಲ್ ಜಾಸ್ತಿ ಇದ್ದರೆ ಎಣ್ಣೆ, ತುಪ್ಪ ಪೂರ್ತಿ ಬಿಡಬೇಕಾ?

ಪೂರ್ತಿ ಬಿಡಬೇಡಿ. ಪುಣೆಗೆ ಬಂದು ಎರಡು ವರ್ಷವಾಯ್ತು, ಕೊಲೆಸ್ಟ್ರಾಲ್ ಜಾಸ್ತಿ ಬಂದಿದೆ, ಈಗ ಒಗ್ಗರಣೆಗೂ ಎಣ್ಣೆ ಹಾಕುತ್ತಿಲ್ಲ ಎಂದು ಬರೆದಿದ್ದೀರಿ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಾನೂ ಇದನ್ನೇ ಮಾಡಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ.

ರಿಪೋರ್ಟ್ ನೋಡಿ ಹೆದರಿ ಎಣ್ಣೆ, ತುಪ್ಪ, ಕಾಯಿ ಎಲ್ಲ ಬಿಟ್ಟೆ. ಬೆಳಿಗ್ಗೆ ಬರೀ ಇಡ್ಲಿ, ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ, ತಿಳಿಸಾರು. ಹನ್ನೊಂದಕ್ಕೇ ಹೊಟ್ಟೆ ಚುರುಗುಟ್ಟುತ್ತಿತ್ತು. ಆಫೀಸಿನ ಕೆಳಗಿನ ಟಪರಿಯಲ್ಲಿ ಚಹಾ, ಜೊತೆಗೆ ಎರಡು ಖಾರಿ ಬಿಸ್ಕತ್ತು. ಒಣ ತಿಂಡಿ ತಾನೇ, ಇದರಲ್ಲಿ ಎಣ್ಣೆ ಎಲ್ಲಿದೆ ಅಂದುಕೊಂಡಿದ್ದೆ. ಒಂದು ದಿನ ಖಾರಿ ಸುತ್ತಿಕೊಟ್ಟ ಪೇಪರನ್ನು ಬೆಳಕಿಗೆ ಹಿಡಿದೆ. ಅದರ ಹಿಂದಿನ ನನ್ನ ಬೆರಳೇ ಕಾಣುತ್ತಿತ್ತು, ಅಷ್ಟು ಜಿಡ್ಡು. ಖಾರಿ ಪದರಪದರವಾಗಿ ಏಳುವುದೇ ಹಿಟ್ಟಿನ ನಡುವೆ ಹಚ್ಚಿದ ಗಟ್ಟಿ ಕೊಬ್ಬಿನಿಂದ. ಎಷ್ಟೋ ಕಡೆ ಅದು ವನಸ್ಪತಿ, ಅಂದರೆ ಡಾಲ್ಡಾದಂಥ ಗಟ್ಟಿ ಮಾಡಿದ ಎಣ್ಣೆ.

ಮೂರು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟೆ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಒಂಚೂರು ಇಳಿದಿತ್ತು. ಆದರೆ ಟ್ರೈಗ್ಲಿಸರೈಡ್ ಎಂಬ ರಕ್ತದಲ್ಲಿನ ಕೊಬ್ಬು ಏರಿತ್ತು. ಕೊಬ್ಬು ತೆಗೆದ ಜಾಗದಲ್ಲಿ ಅನ್ನ, ಪಾವ್, ಸಕ್ಕರೆ ಬಂದು ಕೂತರೆ ಹೀಗಾಗುತ್ತದೆ. ಹೆಚ್ಚಾದ ಸಕ್ಕರೆ, ಪಿಷ್ಟವನ್ನು ಲಿವರ್ ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತದೆ.

ಮೈಗೆ ಕೊಬ್ಬು ಬೇಕೇ ಬೇಕು. ವಿಟಮಿನ್ ಎ, ಡಿ, ಇ, ಕೆ ನಾಲ್ಕೂ ಕರಗುವುದು ಕೊಬ್ಬಿನಲ್ಲಿ. ಕ್ಯಾರೆಟ್ ಕೋಸಂಬರಿಗೆ ಹಾಕುವ ಒಗ್ಗರಣೆ ಬರೀ ರುಚಿಗಲ್ಲ, ಕ್ಯಾರೆಟ್ಟಿನಲ್ಲಿರುವ, ಮೈಯಲ್ಲಿ ವಿಟಮಿನ್ ಎ ಆಗುವ ಕೆರೋಟಿನ್ ಹತ್ತುವುದಕ್ಕೂ ಬೇಕು. ಲಿನೋಲಿಕ್, ಆಲ್ಫಾ ಲಿನೋಲೆನಿಕ್ ಎಂಬ ಎರಡು ಕೊಬ್ಬಿನಾಮ್ಲಗಳನ್ನಂತೂ ನಮ್ಮ ದೇಹ ತಾನಾಗಿ ಮಾಡಿಕೊಳ್ಳಲಾರದು. 1929ರಲ್ಲಿ ಅಮೆರಿಕದ ವಿಜ್ಞಾನಿ ದಂಪತಿ ಜಾರ್ಜ್ ಬರ್, ಮಿಲ್ಡ್ರೆಡ್ ಬರ್ ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟು ನೋಡಿದರು. ಇಲಿಗಳ ಚರ್ಮ ಹೊಟ್ಟೆದ್ದಿತು, ಬೆಳವಣಿಗೆ ಕುಂಠಿತವಾಯಿತು.

ನೀವು ನೋಡಬೇಕಾದ್ದು ಯಾವ ಕೊಬ್ಬು, ಎಷ್ಟು ಅಂತ. ಎಲ್‌ಡಿಎಲ್ ಏರಿಸುವುದು ಮುಖ್ಯವಾಗಿ ಸ್ಯಾಚುರೇಟೆಡ್ ಕೊಬ್ಬು: ತುಪ್ಪ, ಬೆಣ್ಣೆ, ತಾಳೆ ಎಣ್ಣೆ. ಉಡುಪಿ ಕಡೆಯವನಾಗಿ ಹೇಳಲು ಬೇಜಾರು, ಆದರೆ ತೆಂಗಿನೆಣ್ಣೆಯಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಪಾಲು ಅದೇ. ದಿನದ ಅಡುಗೆಗೆ ಶೇಂಗಾ ಎಣ್ಣೆಯೋ ಎಳ್ಳೆಣ್ಣೆಯೋ ಇರಲಿ. ಬಿಸಿ ಅನ್ನಕ್ಕೆ ಒಂದು ಸಣ್ಣ ಚಮಚ ತುಪ್ಪ ನಾನು ಬಿಟ್ಟಿಲ್ಲ, ಡಾಕ್ಟರೂ ಒಪ್ಪಿದ್ದಾರೆ. ಎಲ್ಲಕ್ಕಿಂತ ಕೆಟ್ಟದ್ದು ಟ್ರಾನ್ಸ್ ಕೊಬ್ಬು, ಎಣ್ಣೆಯನ್ನು ವನಸ್ಪತಿಯಂತೆ ಗಟ್ಟಿ ಮಾಡುವಾಗ ಹುಟ್ಟುವಂಥದ್ದು. ಅದು ಎಲ್‌ಡಿಎಲ್ ಏರಿಸುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಇಳಿಸುತ್ತದೆ. 2022ರಿಂದ ನಮ್ಮ ದೇಶದಲ್ಲಿ ಎಣ್ಣೆ, ವನಸ್ಪತಿಗಳಲ್ಲಿ ಅದು ನೂರಕ್ಕೆ 2ರ ಮೇಲೆ ಇರುವಂತಿಲ್ಲ. ಆದರೂ ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೂ ಅದು ಹುಟ್ಟಬಹುದು, ಹಾಗಾಗಿ ಬೆಳಿಗ್ಗೆಯಿಂದ ಕುದಿಯುತ್ತಿರುವ ಬಾಣಲೆಯ ವಡಾ ಪಾವ್ ಬೇಡವೇ ಬೇಡ.

ಅಳತೆಗೆ ನಮ್ಮ ಮನೆಯಲ್ಲಿ ಮಾಡಿದ್ದು ಇಷ್ಟೇ. ಒಂದು ಲೀಟರ್ ಎಣ್ಣೆ ಅಂದರೆ ಸುಮಾರು 910 ಗ್ರಾಂ. ನಾಲ್ಕು ಜನಕ್ಕೆ ದಿನಕ್ಕೆ ತಲಾ 25 ಗ್ರಾಂನಂತೆ ಒಂಬತ್ತು ದಿನ ಬರಬೇಕು. ಪ್ಯಾಕೆಟ್ ಒಡೆದ ದಿನ ಡಬ್ಬದ ಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆದೆವು. ಮೊದಲ ಸಲ ಐದೇ ದಿನಕ್ಕೆ ಖಾಲಿ! ಎಲ್ಲಿ ಹೋಗುತ್ತಿದೆ ಅಂತ ಆಮೇಲೆ ತಿಳಿಯಿತು. ಚಪಾತಿಗೆ ಸುಮ್ನೆ ಸುರಿಯುತ್ತಿದ್ದೆವು.

ಮೀನು ತಿನ್ನುವವರಾದರೆ ಬಂಗುಡೆ, ಬೂತಾಯಿ ತನ್ನಿ. ಮಾರ್ಕೆಟ್ಟಿನಲ್ಲಿ ಬಾಂಗಡಾ, ತಾರ್ಲಿ ಅಂತ ಕೇಳಿ. ಒಮೆಗಾ 3 ಎಂಬ ಒಳ್ಳೆಯ ಕೊಬ್ಬು ಚೆನ್ನಾಗಿದೆ, ಆದರೆ ಕರಿಯಬೇಡಿ, ಗಸಿಗೋ ತವಾಕ್ಕೋ ಹಾಕಿ. ಮೀನು ಬೇಡವೆಂದರೆ ಅಗಸೆ ಬೀಜ, ಅಲ್ಲಿ ಜವಸ್ ಅನ್ನುತ್ತಾರೆ. ಹುರಿದು ಚಟ್ನಿಪುಡಿ ಮಾಡಿಕೊಳ್ಳಿ.

ಮಾತ್ರೆ ಕೊಟ್ಟಿದ್ದರೆ ದಯವಿಟ್ಟು ನೀವಾಗಿ ನಿಲ್ಲಿಸಬೇಡಿ. ರಿಪೋರ್ಟ್‌ನಲ್ಲಿ ಟ್ರೈಗ್ಲಿಸರೈಡ್ ಎಷ್ಟಿದೆ ಅಂತಲೂ ನೋಡಿ. ಅದು ಜಾಸ್ತಿ ಇದ್ದರೆ ಎಣ್ಣೆ ಡಬ್ಬಕ್ಕಿಂತ ಮೊದಲು ಸಕ್ಕರೆ ಡಬ್ಬ ಮೇಲಿನ ಶೆಲ್ಫಿಗೆ ಇಡಿ.