ತರಗತಿಯಲ್ಲಿ ಯೋಚಿಸುವ ಕೆಲಸ ಯಾರದು? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸುತ್ತೇನೆ. ಪಾಠ ಸ್ಪಷ್ಟವಾಗಿರುತ್ತದೆ ಎಂದು ವಿದ್ಯಾರ್ಥಿಗಳೇ ಪ್ರತಿವರ್ಷ ಬರೆದುಕೊಡುತ್ತಾರೆ. ಈಗ ಎಲ್ಲರೂ ‘ಸಕ್ರಿಯ ಕಲಿಕೆ’ಯ (ಬರೀ ಕೇಳಿಸಿಕೊಳ್ಳುವ ಬದಲು ವಿದ್ಯಾರ್ಥಿಗಳೇ ಯೋಚಿಸಿ, ಬಿಡಿಸಿ, ಚರ್ಚಿಸಿ ಕಲಿಯುವ) ವಿಧಾನವನ್ನು ಅನುಸರಿಸಬೇಕೆಂದು ಸಂಸ್ಥೆ ಒತ್ತಾಯಿಸುತ್ತಿದೆ. ಚೆನ್ನಾಗಿ ನಡೆಯುತ್ತಿರುವುದನ್ನು ಬದಲಿಸಬೇಕೇಕೆ?
– ಒಬ್ಬ ಉಪನ್ಯಾಸಕರು

ಉತ್ತರ: ನಿಮ್ಮ ಸ್ಥಿತಿಯಲ್ಲಿಯೇ ಇದ್ದ ಒಬ್ಬರ ಅನುಭವವನ್ನು ಮೊದಲು ಹೇಳುತ್ತೇನೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಎರಿಕ್ ಮಜೂರ್ ಅವರ ಪಾಠಗಳಿಗೆ ವಿದ್ಯಾರ್ಥಿಗಳಿಂದ ಒಳ್ಳೆಯ ಅಭಿಪ್ರಾಯವಿತ್ತು, ಪರೀಕ್ಷೆಯ ಅಂಕಗಳಿಗೂ ಕೊರತೆಯಿರಲಿಲ್ಲ. 1990ರ ಸುಮಾರಿಗೆ ಅವರು ಲೆಕ್ಕಾಚಾರದ ಅಗತ್ಯವೇ ಇಲ್ಲದ, ಬಲ ಮತ್ತು ಚಲನೆಯ ಮೂಲ ಪರಿಕಲ್ಪನೆಗಳನ್ನು ಮಾತ್ರ ಕೇಳುವ ಸರಳ ಪ್ರಶ್ನೆಗಳನ್ನು ಕೊಟ್ಟು ನೋಡಿದಾಗ, ಕಠಿಣ ಸಮಸ್ಯೆಗಳನ್ನು ಬಿಡಿಸಬಲ್ಲ ಅನೇಕರು ಅಲ್ಲಿ ಎಡವಿದರು. ನೀವು ಕಲಿಸಿದಂತೆ ಉತ್ತರಿಸಬೇಕೋ, ನಾನು ಯೋಚಿಸುವಂತೆ ಉತ್ತರಿಸಬೇಕೋ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದ್ದನ್ನು ಅವರೇ ದಾಖಲಿಸಿದ್ದಾರೆ. ಸೂತ್ರ ತಲೆಯಲ್ಲಿ ಕುಳಿತಿತ್ತು, ಆದರೆ ಹಳೆಯ ತಪ್ಪು ಕಲ್ಪನೆ ಅದರ ಪಕ್ಕದಲ್ಲೇ ಅಲುಗಾಡದೆ ಉಳಿದಿತ್ತು.

ವಿಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತದ ಪದವಿ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಬರೀ ಉಪನ್ಯಾಸ ನಡೆದ ತರಗತಿಗಳಲ್ಲಿ ನೂರಕ್ಕೆ ಸುಮಾರು 34 ಮಂದಿ ಅನುತ್ತೀರ್ಣರಾಗಿದ್ದರೆ, ವಿದ್ಯಾರ್ಥಿಗಳನ್ನು ಕೆಲಸಕ್ಕೆ ಹಚ್ಚಿದ ತರಗತಿಗಳಲ್ಲಿ ಆ ಸಂಖ್ಯೆ ಸುಮಾರು 22 ಆಗಿತ್ತು. ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು ಹಾರ್ವರ್ಡ್‌ನಲ್ಲಿಯೇ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ. ಒಂದೇ ವಿಷಯವನ್ನು ಒಂದು ಗುಂಪಿಗೆ ನುರಿತ ಉಪನ್ಯಾಸದ ಮೂಲಕವೂ ಮತ್ತೊಂದು ಗುಂಪಿಗೆ ಸಕ್ರಿಯ ಕಲಿಕೆಯ ಮೂಲಕವೂ ಕಲಿಸಿದಾಗ, ಹೆಚ್ಚು ಕಲಿತವರು ಎರಡನೆಯ ಗುಂಪಿನವರಾಗಿದ್ದರು. ಆದರೆ ತಾವು ಹೆಚ್ಚು ಕಲಿತೆವೆಂದು ಭಾವಿಸಿದವರು ಮೊದಲನೆಯ ಗುಂಪಿನವರು. ಸರಾಗವಾದ ವಿವರಣೆಯನ್ನು ಕೇಳುವಾಗ ಎಲ್ಲವೂ ಅರ್ಥವಾದಂತೆ ಅನಿಸುತ್ತದೆ; ತಾನೇ ಯೋಚಿಸಿ ತಡವರಿಸುವವನಿಗೆ ಏನೂ ತಿಳಿದಿಲ್ಲವೆಂಬ ಇರಿಸುಮುರಿಸು ಉಂಟಾಗುತ್ತದೆ. ಆದ್ದರಿಂದ ವಿದ್ಯಾರ್ಥಿಗಳ ಮೆಚ್ಚುಗೆಯ ಪತ್ರಗಳು ನಿಮ್ಮ ಪಾಠದ ಸೊಗಸನ್ನು ಹೇಳುತ್ತವೆಯೇ ಹೊರತು ಅವರ ಕಲಿಕೆಯನ್ನಲ್ಲ.

ಹಾಗೆಂದು ಉಪನ್ಯಾಸವನ್ನು ಕೈಬಿಡಬೇಕಾಗಿಲ್ಲ. ಒಂದು ಪ್ರಶ್ನೆಯೊಂದಿಗೆ ಗುದ್ದಾಡಿದ ನಂತರ ಬರುವ ವಿವರಣೆ ಹೆಚ್ಚು ನಾಟುತ್ತದೆ. ಮೇಲಕ್ಕೆ ಎಸೆದ ಕಲ್ಲು ಅತ್ಯುನ್ನತ ಬಿಂದುವಿನಲ್ಲಿರುವಾಗ ಅದರ ವೇಗೋತ್ಕರ್ಷ (ವೇಗ ಬದಲಾಗುವ ದರ) ಎಷ್ಟೆಂದು ಕೇಳಿ, ಒಂದೆರಡು ನಿಮಿಷ ಸುಮ್ಮನಿರಿ. ಆ ಕ್ಷಣದಲ್ಲಿ ಸೊನ್ನೆಯಾಗುವುದು ವೇಗ ಮಾತ್ರ. ಆದರೂ ವೇಗೋತ್ಕರ್ಷವೇ ಸೊನ್ನೆ ಎನ್ನುವವರು ಕಡಿಮೆಯಿರುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಉತ್ತರವನ್ನು ಗುರುತು ಹಾಕಿಕೊಂಡ ಮೇಲೆ, ಬೇರೆ ಉತ್ತರ ಬರೆದ ಪಕ್ಕದವರೊಡನೆ ವಾದಿಸಲು ಬಿಟ್ಟು, ಮತ್ತೊಮ್ಮೆ ಉತ್ತರ ಪಡೆಯಿರಿ. ಮಜೂರ್ ರೂಢಿಗೆ ತಂದ ಸಹಪಾಠಿ ಬೋಧನೆ ಇದೇ. ಮೊದಲ ಸಲ ಸರಿಯುತ್ತರ ಕೊಟ್ಟವರು ಶೇಕಡ 30ಕ್ಕಿಂತ ಕಡಿಮೆಯಿದ್ದರೆ ಚರ್ಚೆಯಿಂದ ಫಲವಿಲ್ಲ, ನೀವೇ ಮತ್ತೆ ವಿವರಿಸಬೇಕು. ಶೇಕಡ 70 ದಾಟಿದ್ದರೆ ಎರಡು ಮಾತು ಹೇಳಿ ಮುಂದೆ ಸಾಗಬಹುದು. ಚರ್ಚೆ ಫಲ ಕೊಡುವುದು ಇವೆರಡರ ನಡುವೆ.

ಪ್ರಶ್ನೆ: ನಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡ್, ಟ್ಯಾಬ್ಲೆಟ್‌ಗಳು ಬಂದಿವೆ. ಗಣಿತದ ಅವಧಿಯಲ್ಲಿ ಕ್ವಿಜ್ ಆ್ಯಪ್ ಬಳಸಿದಾಗ ಮಕ್ಕಳ ಉತ್ಸಾಹ ಹೇಳತೀರದು. ಆದರೆ ಘಟಕ ಪರೀಕ್ಷೆಯ ಅಂಕಗಳು ಮಾತ್ರ ಮೊದಲಿನಂತೆಯೇ ಇವೆ. ಎಲ್ಲಿ ತಪ್ಪುತ್ತಿದ್ದೇನೆ?
– ಒಬ್ಬ ಶಿಕ್ಷಕಿ

ಉತ್ತರ: ಉತ್ಸಾಹವಿದೆ ಎಂದ ಮಾತ್ರಕ್ಕೆ ಯೋಚನೆ ನಡೆಯುತ್ತಿದೆ ಎಂದು ಹೇಳಲಾಗದು. ಬೇಗ ಒತ್ತಿದವರಿಗೆ ಹೆಚ್ಚು ಅಂಕ ಕೊಡುವ ಕ್ವಿಜ್, ಊಹಿಸಿ ಒತ್ತುವುದನ್ನೇ ಕಲಿಸುತ್ತದೆ. ಸಮಯದ ಮಿತಿ, ಸಂಗೀತ, ಸ್ಥಾನಪಟ್ಟಿ ಇವನ್ನು ಆ್ಯಪ್‌ನಲ್ಲಿ ನಿಲ್ಲಿಸುವ ಅವಕಾಶವಿದ್ದರೆ ನಿಲ್ಲಿಸಿ. ಗದ್ದಲ ತಗ್ಗಿದರೆ ಬೇಸರಪಡಬೇಡಿ.

ಆಮೇಲೆ ಪ್ರಶ್ನೆಗಳನ್ನು ಪರಿಶೀಲಿಸಿ. ನನ್ನ ಅನುಮಾನವಿರುವುದು ಅಲ್ಲಿಯೇ. 0.3 × 0.2 ಎಷ್ಟು ಎಂಬ ಪ್ರಶ್ನೆಗೆ 0.06, 0.6, 0.5 ಎಂಬ ಆಯ್ಕೆಗಳನ್ನು ಕೊಟ್ಟಿದ್ದೀರಿ ಎಂದುಕೊಳ್ಳೋಣ. 0.6 ಎಂದವನು ಗುಣಾಕಾರ ಬಲ್ಲ, ದಶಮಾಂಶ ಸ್ಥಾನವನ್ನು ಅರಿತಿಲ್ಲ, 0.5 ಎಂದವನು ಕೂಡಿಸಿದ್ದಾನೆ. ಪ್ರತಿಯೊಂದು ತಪ್ಪು ಆಯ್ಕೆಯೂ ಒಂದೊಂದು ನಿರ್ದಿಷ್ಟ ತಪ್ಪು ತಿಳಿವಳಿಕೆಯನ್ನು ಹೊರಗೆಡಹುವಂತಿದ್ದರೆ, ಪರದೆಯ ಮೇಲೆ ಮೂಡುವ ಸ್ತಂಭನಕ್ಷೆ ನಿಮ್ಮ ಮುಂದಿನ ಹತ್ತು ನಿಮಿಷ ಹೇಗಿರಬೇಕೆಂದು ತಿಳಿಸುತ್ತದೆ. ಆಯ್ಕೆಗಳನ್ನು ಸುಮ್ಮನೆ ತುಂಬಿಸಿದ್ದರೆ ಎಷ್ಟು ಮಂದಿಗೆ ತಪ್ಪಿತೆಂದು ತಿಳಿದೀತು, ಏಕೆ ತಪ್ಪಿತೆಂದು ತಿಳಿಯದು. ಕೈಯೆತ್ತಿದ ನಾಲ್ವರ ಮನಸ್ಸಿನಲ್ಲಿರುವುದನ್ನಲ್ಲ, ಸುಮ್ಮನೆ ಕುಳಿತ ಮೂವತ್ತಾರು ಮಂದಿಯ ಮನಸ್ಸಿನಲ್ಲಿರುವುದನ್ನು, ಅವಧಿ ಮುಗಿಯುವ ಮೊದಲೇ ಶಿಕ್ಷಕಿಗೆ ಕಾಣಿಸುವುದು ತರಗತಿಯಲ್ಲಿ ತಂತ್ರಜ್ಞಾನ ಮಾಡಬಹುದಾದ ದೊಡ್ಡ ಉಪಕಾರ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಪ್ರತಿ ಮಗುವಿಗೂ ಒಂದು ಉಪಕರಣ ಬೇಕೆಂದಿಲ್ಲ. ಮಕ್ಕಳು ಸಂಕೇತ ಮುದ್ರಿಸಿದ ಕಾಗದದ ಕಾರ್ಡನ್ನು ತಮ್ಮ ಉತ್ತರಕ್ಕೆ ತಕ್ಕಂತೆ ತಿರುಗಿಸಿ ಹಿಡಿದರೆ, ಶಿಕ್ಷಕರ ಒಂದೇ ಮೊಬೈಲಿನ ಕ್ಯಾಮೆರಾ ಎಲ್ಲರ ಉತ್ತರವನ್ನೂ ಓದಿಕೊಳ್ಳುವ ‘ಪ್ಲಿಕರ್ಸ್’ನಂತಹ ವ್ಯವಸ್ಥೆಗಳಿವೆ. ಎಲ್ಲರೂ ಒಮ್ಮೆಲೇ ಸ್ಲೇಟು ಎತ್ತಿ ತೋರಿಸಿದರೂ ಈ ಕೆಲಸ ಮುಕ್ಕಾಲುಪಾಲು ಆಗುತ್ತದೆ. (ಉಪಕರಣ ಮಾರುವವರು ಇದನ್ನು ನಿಮಗೆ ಹೇಳುವ ಸಂಭವ ಕಡಿಮೆ.)

ಸ್ಲೇಟಿನಿಂದ ಆಗದ ಕೆಲಸಗಳಿಗೇ ಟ್ಯಾಬ್ಲೆಟ್ ಮೀಸಲಿಡಿ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಫೆಟ್’ ಯೋಜನೆಯ ಸಿಮ್ಯುಲೇಶನ್‌ಗಳು ಉಚಿತವಾಗಿ ದೊರೆಯುತ್ತವೆ. ಭಿನ್ನರಾಶಿಯಿಂದ ವಿದ್ಯುತ್ ಮಂಡಲದವರೆಗೆ ಅನೇಕ ವಿಷಯಗಳನ್ನು ಮಕ್ಕಳು ಅಲ್ಲಿ ತಾವೇ ಬದಲಿಸಿ ನೋಡಬಹುದು. ಗುಂಡಿ ಒತ್ತುವ ಮೊದಲು ಏನಾಗಬಹುದೆಂದು ನೋಟ್‌ಪುಸ್ತಕದಲ್ಲಿ ಕಾರಣಸಹಿತ ಬರೆಯಿಸಿ. ಈ ಒಂದು ನಿಯಮವಿಲ್ಲದಿದ್ದರೆ ಸಿಮ್ಯುಲೇಶನ್ ಕೂಡ ಬೆರಳಾಟವಾಗುತ್ತದೆ.

ಪ್ರಶ್ನೆ: ಇವೆಲ್ಲ ಮಾಡುತ್ತ ಕುಳಿತರೆ ಪಠ್ಯಕ್ರಮ ಮುಗಿಯುವುದಿಲ್ಲ. ಪಾಠಗಳನ್ನು ವಿಡಿಯೊ ಮಾಡಿ ಮನೆಗೇ ಕಳುಹಿಸಿಬಿಡಬಹುದೇ?
– ಒಬ್ಬ ವಿಜ್ಞಾನ ಶಿಕ್ಷಕರು

ಉತ್ತರ: ಕಳುಹಿಸಬಹುದು. ಅಮೆರಿಕದ ಜೋನಾಥನ್ ಬರ್ಗ್‌ಮನ್ ಮತ್ತು ಆ್ಯರನ್ ಸ್ಯಾಮ್ಸ್ ಎಂಬ ರಸಾಯನವಿಜ್ಞಾನ ಶಿಕ್ಷಕರು 2007ರ ವೇಳೆಗೆ ಹೀಗೆಯೇ ಆರಂಭಿಸಿದರು. ಪಾಠ ಮನೆಯಲ್ಲಿ, ಅಭ್ಯಾಸ ತರಗತಿಯಲ್ಲಿ ಎಂಬ ಈ ಕ್ರಮ ಮುಂದೆ ‘ಫ್ಲಿಪ್ಡ್ ಕ್ಲಾಸ್‌ರೂಮ್’ ಎಂದು ಹೆಸರಾಯಿತು. ವಿಡಿಯೊ ಆರು ನಿಮಿಷ ಮೀರದಿರಲಿ, ಕೊನೆಯಲ್ಲಿ ಒಂದು ಪ್ರಶ್ನೆಯಿರಲಿ. ನೋಡದೆ ಬಂದವರಿಗಾಗಿ ಇಡೀ ಪಾಠವನ್ನು ತರಗತಿಯಲ್ಲಿ ಮತ್ತೆ ಹೇಳಿದರೆ, ನೋಡಿ ಬಂದವರು ಮುಂದಿನ ವಾರದಿಂದ ನೋಡುವುದಿಲ್ಲ. ಮನೆಯಲ್ಲಿ ಇಂಟರ್ನೆಟ್ ಸೌಲಭ್ಯವಿಲ್ಲದವರಿಗೆ ಶಾಲೆಯಲ್ಲಿಯೇ ನೋಡುವ ವ್ಯವಸ್ಥೆ ಮಾಡಿಕೊಡುವುದು ಮಾತ್ರ ನಿಮ್ಮ ಹೊಣೆ. ಅವಧಿಯ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿಸಿ, ಹಿಂದಿನ ವಾರದ್ದನ್ನು ನೆನಪಿನಿಂದ ಬರೆಯಿಸಿ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ತೋರಿಸಿದಂತೆ, ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರದ ನಂತರ ಮುಂದಿದ್ದವರು, ಓದಿದ್ದನ್ನು ನೆನಪಿಸಿಕೊಂಡು ಬರೆದವರು.

ಪ್ರಶ್ನೆ: ನನ್ನ ಮಗಳು ಮಿತಭಾಷಿ. ಗುಂಪು ಚಟುವಟಿಕೆ ಎಂದರೆ ಶಾಲೆಗೇ ಹೋಗಲಾರೆ ಎನ್ನುತ್ತಾಳೆ. ಮಾತನಾಡದವರು ಕಲಿಯುವುದಿಲ್ಲವೇ?
– ಒಬ್ಬ ತಾಯಿ

ಉತ್ತರ: ಖಂಡಿತ ಕಲಿಯುತ್ತಾರೆ. ಗುಂಪು ಕೆಲಸವೇ ಸಕ್ರಿಯ ಕಲಿಕೆ ಎಂಬುದು ಶಿಕ್ಷಕರಲ್ಲಿಯೂ ಇರುವ ತಪ್ಪು ಗ್ರಹಿಕೆ. ಒಬ್ಬಳೇ ಕುಳಿತು ಒಂದು ಸಮಸ್ಯೆಗೆ ತನ್ನದೇ ಕಾರಣಗಳನ್ನು ಬರೆಯುವ ಹುಡುಗಿ, ಗುಂಪಿನಲ್ಲಿ ಹರಟುವ ಐವರಿಗಿಂತ ಸಕ್ರಿಯಳಾಗಿರಬಹುದು. ಶಿಕ್ಷಕರೊಡನೆ ಮಾತನಾಡಿ. ಮೊದಲು ಒಬ್ಬರೇ ಯೋಚಿಸಿ, ಅನಂತರ ಜೊತೆಗಾರರೊಬ್ಬರೊಡನೆ ಹಂಚಿಕೊಂಡು, ಕೊನೆಗೆ ತರಗತಿಯ ಮುಂದಿಡುವ ಕ್ರಮವನ್ನು ಫ್ರಾಂಕ್ ಲೈಮನ್ 1981ರಲ್ಲಿಯೇ ಸೂಚಿಸಿದ್ದಾರೆ. ಇಂಥ ಮಕ್ಕಳಿಗೆ ಆ ಮೊದಲ ಹಂತವೇ ಮುಖ್ಯ, ಅವಸರದಲ್ಲಿ ಬಿಟ್ಟುಹೋಗುವುದೂ ಅದೇ. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೂ ಕಾಯುವುದಿಲ್ಲವೆಂದೂ, ಮೂರು ಸೆಕೆಂಡು ಕಾದರೆ ಉತ್ತರಗಳು ದೀರ್ಘವಾಗುತ್ತವೆ, ಹೆಚ್ಚು ಮಕ್ಕಳು ಬಾಯಿ ತೆರೆಯುತ್ತಾರೆ ಎಂದೂ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದಾರೆ.

ಪ್ರಶ್ನೆ: ಮನೆಗೆಲಸವಾಗಿ ಕೊಟ್ಟ ಪ್ರಬಂಧ, ಲೆಕ್ಕ ಎಲ್ಲವನ್ನೂ ಈಗ ಎಐ ಚಾಟ್‌ಬಾಟ್‌ಗಳೇ ಬರೆದುಕೊಡುತ್ತಿವೆ. ನಿಷೇಧಿಸುವುದೇ ದಾರಿಯೇ?
– ಒಬ್ಬ ಮುಖ್ಯ ಶಿಕ್ಷಕರು

ಉತ್ತರ: ಮನೆಯಲ್ಲಿ ನಿಷೇಧವನ್ನು ಜಾರಿಗೊಳಿಸುವವರು ಯಾರು? ಟರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು 1000 ವಿದ್ಯಾರ್ಥಿಗಳೊಡನೆ ನಡೆದ ಗಣಿತದ ಅಧ್ಯಯನದಲ್ಲಿ, ಸಾಮಾನ್ಯ ಚಾಟ್‌ಬಾಟ್ ಬಳಸಿದವರ ಅಭ್ಯಾಸದ ಅಂಕಗಳು ಶೇಕಡ 48ರಷ್ಟು ಏರಿದವು; ಅದನ್ನು ಹಿಂತೆಗೆದು ಪರೀಕ್ಷೆ ಮಾಡಿದಾಗ, ಅದನ್ನು ಎಂದೂ ಬಳಸದವರಿಗಿಂತ ಅವರು ಶೇಕಡ 17ರಷ್ಟು ಹಿಂದೆ ಬಿದ್ದರು. ನೇರ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ರೂಪಿಸಿದ ಚಾಟ್‌ಬಾಟ್ ಬಳಸಿದವರಲ್ಲಿ ಈ ಹಾನಿ ಬಹುಮಟ್ಟಿಗೆ ತಗ್ಗಿತ್ತು. ಆದ್ದರಿಂದ ಮೌಲ್ಯಮಾಪನದಲ್ಲಿ ಅಂಕ ಸಿಗಬೇಕಾದ ಬರವಣಿಗೆಯನ್ನು ತರಗತಿಗೇ ತನ್ನಿ; ಮನೆಗೆ ಓದು ಮತ್ತು ಕಚ್ಚಾ ಟಿಪ್ಪಣಿಗಳನ್ನು ಮಾತ್ರ ಬಿಡಿ. ಚಾಟ್‌ಬಾಟ್ ಬರೆದ ಪ್ರಬಂಧವೊಂದನ್ನು ತರಗತಿಯಲ್ಲಿಯೇ ಹಂಚಿ, ಅದರಲ್ಲಿನ ತಪ್ಪು ಮಾಹಿತಿ, ಆಧಾರವಿಲ್ಲದ ಮಾತು ಮತ್ತು ಸಡಿಲ ತರ್ಕವನ್ನು ಗುರುತಿಸಿ ತಿದ್ದಲು ಹೇಳಬಹುದು. ಬರೆದು ತಂದವರನ್ನು ಎರಡು ನಿಮಿಷ ಮೌಖಿಕವಾಗಿ ಪ್ರಶ್ನಿಸುವ ಪದ್ಧತಿಯನ್ನೂ ಇಟ್ಟುಕೊಳ್ಳಿ. ದೊಡ್ಡ ತರಗತಿಯಾದರೆ ಪ್ರತಿ ವಾರ ಕೆಲವರಂತೆ ಸರದಿ ಮಾಡಿದರೂ ಸಾಕು, ಆದರೆ ಆ ವಾರದ ಸರದಿ ಯಾರದೆಂದು ಮುಂಚಿತವಾಗಿ ಪ್ರಕಟಿಸಬೇಡಿ.